ಹೆರೆದು ಪಡೆದ ನೇರ: ಮನೆಯಂಗಳಕ್ಕೆ ಬಂದ ಹಳೆಯ ಲೇತುಗಳ ಕಥೆ

ಅಮೆರಿಕದ ಸೌತ್ ಬೆಂಡ್ ಕಂಪನಿಯ ಹಳೆಯ ಲೇತೊಂದು ಯಾರದಾದರೂ ಗ್ಯಾರೇಜಿಗೆ ಬಂದಿಳಿದರೆ, ಮೊದಲು ಬೆಡ್ಡಿನ ಬಲತುದಿಯ ಜಿಡ್ಡನ್ನು ಒರೆಸುತ್ತಾರೆ. ಹತ್ತಾರು ವರ್ಷಗಳ ಎಣ್ಣೆ, ಬೀಡು ಕಬ್ಬಿಣದ ಪುಡಿ, ಧೂಳು ಸೇರಿ ಅಲ್ಲೊಂದು ಕಪ್ಪು ಪದರ ಕಟ್ಟಿರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತ ಹೋದರೆ ಕೆಳಗೆ ಅಚ್ಚೊತ್ತಿದ ಒಂದು ಸಂಖ್ಯೆ ಕಾಣುತ್ತದೆ. ಯಂತ್ರ ಹುಟ್ಟಿದ ವರ್ಷವನ್ನು ಹೇಳುವ ಸಂಖ್ಯೆ ಅದು. 1938 ಇರಬಹುದು, 1943 ಇರಬಹುದು. ಯಾವುದೋ ಶಾಲೆಯ ವರ್ಕ್‌ಶಾಪಿನಲ್ಲಿ ಹುಡುಗರ ಕೈಯಲ್ಲಿ ಪಳಗಿದ ಯಂತ್ರವಾಗಿರಬಹುದು, ಯುದ್ಧಕಾಲದ ಹಡಗಿನಲ್ಲಿ ರಿಪೇರಿ ಕೆಲಸ ಮಾಡಿದ್ದೂ ಆಗಿರಬಹುದು.

ಇಂಥ ಯಂತ್ರಗಳನ್ನು ಅಮೆರಿಕ, ಇಂಗ್ಲೆಂಡುಗಳಲ್ಲಿ ಸಾವಿರಾರು ಜನ ಮನೆಗೆ ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಾರೆ. ತುಕ್ಕು ತೆಗೆದು, ಬಣ್ಣ ಬಳಿದು, ಬೆಲ್ಟು ಹಾಕಿ ತಿರುಗಿಸಿದರೆ ನೋಡುವವರ ಕಣ್ಣಿಗೆ ಯಂತ್ರ ಹೊಸದಾಗುತ್ತದೆ. ಆದರೆ ಅದರಲ್ಲೊಂದು ಕಂಬಿಯನ್ನು ಕಟ್ಟಿ ಕಡೆದು, ಎರಡು ತುದಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆದ ಕೂಡಲೇ ಬಣ್ಣದ ಮಾತು ಮುಗಿಯುತ್ತದೆ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಯಂತ್ರದ ಒಳಗಿದ್ದ ನೇರ ಎಲ್ಲೋ ಕಳೆದುಹೋಗಿದೆ. ಅದನ್ನು ಮತ್ತೆ ತರುವುದು ಹೇಗೆ ಎಂಬ ಪ್ರಶ್ನೆಯ ಜತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಆ ನೇರ ಮೊದಲು ಎಲ್ಲಿಂದ ಬಂದಿತ್ತು? ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ಇಲ್ಲದಿದ್ದಾಗ ಮೊದಲ ನೇರವಾದ ಯಂತ್ರವನ್ನು ಯಾರು, ಯಾವುದರಿಂದ ಮಾಡಿದರು?

ಮೂವತ್ತು ಶಿಲ್ಲಿಂಗಿನ ಮೇಸ್ತ್ರಿ

ಲೇತು ಬಹಳ ಹಳೆಯದು. ಬಿಲ್ಲಿನ ಹಗ್ಗದಿಂದ ಹಿಂದೆ ಮುಂದೆ ತಿರುಗಿಸಿ ಮರ ಕಡೆಯುವ ವಿದ್ಯೆ ಸಾವಿರಾರು ವರ್ಷಗಳಿಂದ ಇದೆ. ಚನ್ನಪಟ್ಟಣದ ಅರಗಿನ ಗೊಂಬೆಗಳು ಆ ವಿದ್ಯೆಯ ವಂಶಕ್ಕೆ ಸೇರಿದವು. ಈ ಎಲ್ಲ ಲೇತುಗಳಲ್ಲೂ ತಿರುಗುವುದು ವಸ್ತು, ಉಳಿಯನ್ನು ಹಿಡಿಯುವುದು ಮನುಷ್ಯನ ಕೈ. ಮರಕ್ಕೆ ಅಷ್ಟು ಸಾಕು. ಉಕ್ಕಿಗೆ ಸಾಲದು. ಎಷ್ಟೇ ಪಳಗಿದ ಕೈಯಾದರೂ ಉಕ್ಕಿನ ಎದುರು ಅದುರುತ್ತದೆ, ಸೋಲುತ್ತದೆ. ಒಂದೇ ಅಳತೆಯ ಎರಡು ತಿರುಪುಗಳನ್ನು ಕೈಯಿಂದ ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರ ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿಟ್ಟುಕೊಳ್ಳಬೇಕಿತ್ತು.

ಹೆನ್ರಿ ಮಾಡ್ಸ್ಲಿ ಹುಟ್ಟಿದ್ದು 1771ರಲ್ಲಿ, ಲಂಡನ್ ಸಮೀಪದ ವುಲಿಚ್‌ನಲ್ಲಿ. ಹನ್ನೆರಡರ ವಯಸ್ಸಿಗೇ ಅಲ್ಲಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಕೆಲಸಕ್ಕೆ ಸೇರಿದ ಹುಡುಗ. ಹದಿನೆಂಟಕ್ಕೆ, ಬೀಗಗಳಿಗೆ ಹೆಸರಾದ ಜೋಸೆಫ್ ಬ್ರಾಮಾನ ಕಾರ್ಖಾನೆಗೆ ಬಂದ. ಬ್ರಾಮಾನ ಬೀಗವನ್ನು ಕೀಲಿಯಿಲ್ಲದೆ ತೆಗೆದವರಿಗೆ ಇನ್ನೂರು ಗಿನಿ ಬಹುಮಾನ ಎಂದು ಅಂಗಡಿಯ ಕಿಟಕಿಯಲ್ಲಿ ಬರೆದಿಡಲಾಗಿತ್ತು. 1851ರವರೆಗೆ ಅದು ಯಾರಿಗೂ ದಕ್ಕಲಿಲ್ಲ. ಅಂಥ ಬೀಗದ ಒಳಭಾಗಗಳನ್ನು ಒಂದೇ ಅಳತೆಗೆ ಮಾಡುವ ಯಂತ್ರಗಳ ಹಿಂದಿದ್ದ ಕೈ ಮಾಡ್ಸ್ಲಿಯದು. ಎಂಟು ವರ್ಷ ದುಡಿದ ಮೇಲೆ, ವಾರಕ್ಕೆ ಮೂವತ್ತು ಶಿಲ್ಲಿಂಗಿನ ಸಂಬಳ ಸಂಸಾರಕ್ಕೆ ಸಾಲದೆಂದು ಏರಿಕೆ ಕೇಳಿದ. ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಮಾಡ್ಸ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಬಳಿ ತನ್ನದೇ ಸಣ್ಣ ವರ್ಕ್‌ಶಾಪು ತೆರೆದ.

ಆ ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಅವನು ಕಟ್ಟಿದ ತಿರುಪು ಕಡೆಯುವ ಲೇತು ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿದ್ದ ಒಂದೊಂದು ಅಂಶವೂ ಬೇರೆ ಬೇರೆ ಕಡೆ ಮೊದಲೇ ಇತ್ತು. ಫ್ರಾನ್ಸಿನ ವೋಕಾನ್ಸೋನ್ ಲೋಹದ ಹಳಿಗಳ ಮೇಲೆ ಉಳಿ ಜಾರುವ ಲೇತನ್ನು ಮೊದಲೇ ಕಟ್ಟಿದ್ದ. ಇಂಗ್ಲೆಂಡಿನ ಜೆಸ್ಸಿ ರಾಮ್ಸ್‌ಡೆನ್ ಖಗೋಳ ಉಪಕರಣಗಳಿಗಾಗಿ ಬಹಳ ಕರಾರುವಾಕ್ಕಾದ ತಿರುಪುಗಳನ್ನು ಕಡೆದಿದ್ದ. ಮಾಡ್ಸ್ಲಿ ಮೂರನ್ನು ಒಂದೇ ಯಂತ್ರದಲ್ಲಿ ಗಟ್ಟಿಯಾಗಿ ಕೂಡಿಸಿದ: ಬಾಗದ ಲೋಹದ ಬೆಡ್, ಅದರ ಮೇಲೆ ಜಾರುತ್ತ ಉಳಿಯನ್ನು ಬಿಗಿಯಾಗಿ ಹಿಡಿಯುವ ಸ್ಲೈಡ್ ರೆಸ್ಟ್, ಅದನ್ನು ಒಂದೇ ಲೆಕ್ಕದಲ್ಲಿ ಮುಂದೆ ಎಳೆಯುವ ಲೀಡ್ ಸ್ಕ್ರೂ. ಲೀಡ್ ಸ್ಕ್ರೂವಿಗೂ ಸ್ಪಿಂಡಲ್ಲಿಗೂ ನಡುವೆ ಗೇರುಗಳನ್ನು ಬದಲಿಸಿದರೆ ಬೇಕಾದ ಅಂತರದ ತಿರುಪು ಸಿಗುತ್ತದೆ. ಇಂದು ಯಾವುದೇ ಊರಿನ ವೆಲ್ಡಿಂಗ್ ಅಂಗಡಿಯ ಪಕ್ಕದಲ್ಲಿ ತಿರುಗುವ ಲೇತಿನ ಮೂಲ ಗುಣ ಇಷ್ಟೇ.

ಇಲ್ಲೊಂದು ತೊಡಕಿದೆ. ಸರಿಯಾದ ತಿರುಪು ಕಡೆಯಲು ಲೇತಿನಲ್ಲಿ ಸರಿಯಾದ ಲೀಡ್ ಸ್ಕ್ರೂ ಇರಬೇಕು. ಆ ಲೀಡ್ ಸ್ಕ್ರೂವನ್ನು ಕಡೆಯಲು ಇನ್ನೊಂದು ಲೇತು ಬೇಕು. ಬೀಜ ಮೊದಲೋ ಮರ ಮೊದಲೋ ಎಂಬಂಥ ಪ್ರಶ್ನೆ. ಮಾಡ್ಸ್ಲಿ ಅದನ್ನು ಬಿಡಿಸಿದ ದಾರಿ ಸರಳ. ಮೆತ್ತನೆಯ ದುಂಡು ಕಂಬಿಯ ಮೇಲೆ ಓರೆಯಾಗಿ ಒಂದು ಕತ್ತಿಯಲಗನ್ನು ಒತ್ತಿ ಹಿಡಿದು ಕಂಬಿಯನ್ನು ತಿರುಗಿಸಿದರೆ, ಅಲಗು ತಾನೇ ಸುರುಳಿ ಗೀರು ಎಳೆಯುತ್ತ ಮುಂದೆ ಸಾಗುತ್ತದೆ. ಓರೆ ಎಷ್ಟೋ ತಿರುಪಿನ ಅಂತರ ಅಷ್ಟು. ಹೀಗೆ ಬಂದ ಮೊದಲ ತಿರುಪಿನಿಂದ ಇನ್ನೊಂದನ್ನು ಕಡೆದು, ಅದರ ತಪ್ಪನ್ನು ಅಳೆದು ತಿದ್ದಿ, ತಿದ್ದಿದ್ದರಿಂದ ಮತ್ತೊಂದನ್ನು ಕಡೆದ. ಒರಟಿನಿಂದ ನಯದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹತ್ತುವ ಈ ಕ್ರಮವೇ ಯಂತ್ರಯುಗದ ನಿಜವಾದ ಅಡಿಪಾಯ. ಅವನ ಬೆಂಚಿನ ಮೇಲಿದ್ದ, ಇಂಚಿನ ಹತ್ತು ಸಾವಿರದ ಒಂದು ಭಾಗವನ್ನು ಅಳೆಯುವ ಮೈಕ್ರೋಮೀಟರಿಗೆ ‘ಲಾರ್ಡ್ ಚಾನ್ಸಲರ್’ ಎಂದು ಹೆಸರು. ಅಳತೆಯ ಜಗಳಗಳಲ್ಲಿ ಅದರ ತೀರ್ಪೇ ಕೊನೆಯದು.

ಮೂರು ಫಲಕಗಳ ಗುಟ್ಟು

ತಿರುಪಿನ ಸಮಸ್ಯೆ ಹಾಗೆ ಬಿಡಿಸಿತು. ಬೆಡ್ಡಿನದು ಇನ್ನೂ ಆಳವಾದದ್ದು. ಸ್ಲೈಡ್ ರೆಸ್ಟ್ ನೇರವಾಗಿ ಸಾಗಬೇಕಾದರೆ ಅದು ಜಾರುವ ಮೈ ನೇರವಾಗಿರಬೇಕು. ನೇರವೇ ಎಂದು ಪರೀಕ್ಷಿಸಲು ಇನ್ನೊಂದು ನೇರವಾದ ಪಟ್ಟಿ ಬೇಕು. ಆ ಪಟ್ಟಿ ನೇರವೆಂದು ಹೇಳುವವರು ಯಾರು?

ಎರಡು ಲೋಹದ ಫಲಕಗಳನ್ನು ಒಂದಕ್ಕೊಂದು ಹೊಂದುವವರೆಗೆ ಉಜ್ಜಿದರೆ ಅವು ಚಪ್ಪಟೆಯಾಗುತ್ತವೆ ಎಂದು ಅನ್ನಿಸುತ್ತದೆ. ಹಾಗಾಗಬೇಕೆಂದಿಲ್ಲ. ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿ, ಬಟ್ಟಲೊಳಗೆ ಬಟ್ಟಲು ಕೂತಂತೆ ಎರಡೂ ಪೂರ್ತಿ ಹೊಂದಿಬಿಡಬಹುದು. ಮೂರನೆಯ ಫಲಕ ಬಂದರೆ ಈ ಮೋಸ ನಡೆಯದು. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಒಂದನೆಯದಕ್ಕೆ ಹೀಗೆ ಮೂರೂ ಪರಸ್ಪರ ಹೊಂದಬೇಕಾದರೆ ಉಬ್ಬು ತಗ್ಗಿಗೆ ಜಾಗವೇ ಇಲ್ಲ. ಉಬ್ಬಿದ್ದಕ್ಕೆ ತಗ್ಗಿದ್ದು ಜೋಡಿಯಾದೀತು, ಆದರೆ ತಗ್ಗಿದ ಎರಡು ಒಂದಕ್ಕೊಂದು ಹೊಂದಲಾರವು. ಮೂರೂ ಚಪ್ಪಟೆಯಾಗಿದ್ದರೆ ಮಾತ್ರ ಹೊಂದಾಣಿಕೆ ಸಾಧ್ಯ. ಯಾವ ಉಪಕರಣದ ನೆರವೂ ಇಲ್ಲದೆ, ಯಾವ ಹಿಂದಿನ ಮಾದರಿಯನ್ನೂ ನಂಬದೆ, ಬರಿಯ ಹೋಲಿಕೆಯಿಂದ ಸಮತಲ ಹುಟ್ಟುತ್ತದೆ.

ಮಾಡ್ಸ್ಲಿಯ ವರ್ಕ್‌ಶಾಪಿನಲ್ಲಿ ಇಂಥ ಸಮತಲ ಫಲಕಗಳು ಕೆಲಸಗಾರರ ಬೆಂಚುಗಳ ಮೇಲೆಯೇ ಇರುತ್ತಿದ್ದವು. 1825ರಲ್ಲಿ ಅಲ್ಲಿಗೆ ಕೆಲಸಕ್ಕೆ ಬಂದ ಜೋಸೆಫ್ ವಿಟ್‌ವರ್ತ್ ಈ ವಿದ್ಯೆಯನ್ನು ಇನ್ನೂ ಮುಂದೆ ಒಯ್ದ. ಅದುವರೆಗೆ ಫಲಕಗಳ ನಡುವೆ ಕುರುಂದದ ಪುಡಿ ಹಾಕಿ ಉಜ್ಜುವ ರೂಢಿ ಇತ್ತು. ಪುಡಿ ತನಗೆ ಬೇಕಾದಲ್ಲಿ ಸವೆಸುತ್ತದೆ, ಕೆಲಸಗಾರನಿಗೆ ಬೇಕಾದಲ್ಲಿ ಅಲ್ಲ. ಉಜ್ಜುವುದನ್ನು ಬಿಟ್ಟು ಹೆರೆಯಬೇಕು ಎಂದು ವಿಟ್‌ವರ್ತ್ ವಾದಿಸಿದ. ಎತ್ತರವಾಗಿರುವ ಚುಕ್ಕೆಯನ್ನು ಬಣ್ಣದಿಂದ ಗುರುತಿಸಿ, ಹರಿತವಾದ ಅಲಗಿನಿಂದ ಅಲ್ಲಷ್ಟೇ ಹೆರೆದು ತೆಗೆಯುವುದು. 1840ರಲ್ಲಿ ಗ್ಲಾಸ್ಗೊದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಶನ್ ಸಭೆಯಲ್ಲಿ ಅವನು ಇದರ ಬಗ್ಗೆ ಪ್ರಬಂಧ ಓದಿದ. ಮರುವರ್ಷ ತಿರುಪುಗಳಿಗೆಲ್ಲ ಒಂದೇ ಕೋನ, 55 ಡಿಗ್ರಿ, ಇರಲಿ ಎಂದು ಸೂಚಿಸಿದ್ದೂ ಅವನೇ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿ.ಎಸ್.ಡಬ್ಲ್ಯು. ಎಂದು ಕೇಳಿ ಪಡೆಯುವ ಬೋಲ್ಟಿನ ಕೊನೆಯ ಅಕ್ಷರ ಅವನ ಹೆಸರಿನದು.

ಹಾಗಾಗಿ ಪ್ರತಿ ಲೇತಿನ ನೇರದ ಹಿಂದೆ ಇನ್ನೊಂದು ಯಂತ್ರದ ನೇರ, ಅದರ ಹಿಂದೆ ಮತ್ತೊಂದರದು ಎಂದು ಹಿಂದಕ್ಕೆ ನಡೆಯುತ್ತ ಹೋದರೆ, ಆ ಸಾಲಿನ ಕೊನೆಯಲ್ಲಿ ಸಿಗುವುದು ಮೂರು ಫಲಕಗಳು ಮತ್ತು ಹೆರೆಯುವ ಒಂದು ಕೈ.

ಲೇತು ಮನೆಗೆ ಬಂದದ್ದು

ಮಾಡ್ಸ್ಲಿಯ ಕಾಲದಲ್ಲಿ ಲೇತು ದೊಡ್ಡ ಕಾರ್ಖಾನೆಯ ಸೊತ್ತು. ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಅವನು ಮಾರ್ಕ್ ಬ್ರುನೆಲ್‌ನ ವಿನ್ಯಾಸದಂತೆ ಮಾಡಿಕೊಟ್ಟ ಯಂತ್ರಗಳಿಂದ, ಹಡಗಿನ ಹಗ್ಗದ ರಾಟೆಗಳನ್ನು ಮಾಡುವ ನೂರಹತ್ತು ಜನ ಕುಶಲಕರ್ಮಿಗಳ ಕೆಲಸವನ್ನು ಹತ್ತು ಜನ ಮಾಡುವಂತಾಯಿತು. ಕೈಯ ವಿದ್ಯೆಯನ್ನು ಯಂತ್ರದೊಳಕ್ಕೆ ಹಾಕಿದರೆ ಕೈಗಳು ಬೇಡವಾಗುತ್ತವೆ ಎಂಬ ಪಾಠ ಅಲ್ಲಿಂದಲೇ ಶುರು.

ಶತಮಾನದ ಕೊನೆಗೆ ಲೇತು ಚಿಕ್ಕದಾಯಿತು, ಅಗ್ಗವಾಯಿತು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ ಆರಂಭಿಸಿದ. ಮನೆಯ ಹಿಂದಿನ ಶೆಡ್ಡಿನಲ್ಲಿ ಪುಟ್ಟ ಉಗಿಯಂತ್ರ, ಕೂತು ಓಡಿಸುವಂಥ ಪುಟ್ಟ ರೈಲು ಎಂಜಿನ್ ಮಾಡುವ ಹವ್ಯಾಸಿಗಳ ಪತ್ರಿಕೆ ಅದು. 1906ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಜಾನ್ ಮತ್ತು ಮೈಲ್ಸ್ ಓಬ್ರಿಯನ್ ಎಂಬ ಅವಳಿ ಸಹೋದರರು ಸೌತ್ ಬೆಂಡ್ ಲೇತ್ ವರ್ಕ್ಸ್ ಸ್ಥಾಪಿಸಿದರು. ಮರುವರ್ಷ ‘ಹೌ ಟು ರನ್ ಎ ಲೇತ್’ ಎಂಬ ಕಿರುಪುಸ್ತಕ ತಂದರು. ಲೇತು ಮಾರುವ ಕಂಪನಿ ಲೇತು ಕಲಿಸುವ ಪುಸ್ತಕವನ್ನೂ ಕೊಟ್ಟಿತು. ಹತ್ತಾರು ಆವೃತ್ತಿ ಕಂಡ ಆ ಪುಸ್ತಕವನ್ನು ಈಗಲೂ ಹೊಸದಾಗಿ ಕಲಿಯುವವರು ತೆರೆಯುತ್ತಾರೆ. ಅವರ ಒಂಬತ್ತು ಇಂಚಿನ ಲೇತು ಶಾಲೆ, ಗ್ಯಾರೇಜು, ಹೊಲಮನೆ ಎಲ್ಲ ಕಡೆ ಹೋಯಿತು. ಇಂಗ್ಲೆಂಡಿನಲ್ಲಿ ಸೆಸಿಲ್ ಮೂರ್ 1934ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ಆರಂಭಿಸಿದ ಮೈಫೋರ್ಡ್ ಕಂಪನಿ, ಯುದ್ಧ ಮುಗಿದ ಮೇಲೆ 1946ರಲ್ಲಿ ‘ಎಂ.ಎಲ್.7’ ಲೇತನ್ನು ಹೊರತಂದಿತು. ಬ್ರಿಟಿಷ್ ಮನೆಗಳ ಶೆಡ್ಡಿಗೆ ಅದೇ ಮನೆದೇವರಾಯಿತು.

ಆಮೇಲೆ ಗಣಕದಿಂದ ನಡೆಯುವ ಯಂತ್ರಗಳು ಬಂದವು. ಕೈಯಿಂದ ನಡೆಸುವ ಲೇತುಗಳು ಕಾರ್ಖಾನೆಗಳಿಂದ, ಶಾಲೆಗಳಿಂದ ಹೊರಬಿದ್ದವು. ಸೌತ್ ಬೆಂಡ್ ಕಂಪನಿಯನ್ನೇ 1975ರಲ್ಲಿ ಮಾಲೀಕರು ಮುಚ್ಚಲು ಹೊರಟಾಗ ಕೆಲಸಗಾರರು ಸರ್ಕಾರದ ನೆರವಿನಿಂದ ಕೊಂಡುಕೊಂಡರು. ಐದು ವರ್ಷಗಳ ಬಳಿಕ ಅದೇ ಕೆಲಸಗಾರರು ತಮ್ಮದೇ ಕಂಪನಿಯ ವಿರುದ್ಧ ಮುಷ್ಕರ ಹೂಡಿದರು. ಷೇರು ಅವರದಾಗಿತ್ತು, ಆಡಳಿತ ಆಗಿರಲಿಲ್ಲ. ಮೈಫೋರ್ಡ್ ತನ್ನ ಬೀಸ್ಟನ್ ಕಾರ್ಖಾನೆಯನ್ನು 2011ರಲ್ಲಿ ಮುಚ್ಚಿತು. ಕಂಪನಿಗಳು ಹೋದವು, ಬೀಡು ಕಬ್ಬಿಣ ಉಳಿಯಿತು. ಗುಜರಿಯ ತೂಕಕ್ಕೆ ಸಿಗುತ್ತಿದ್ದ ಯಂತ್ರಗಳನ್ನು ಹವ್ಯಾಸಿಗಳು ಮನೆಗೆ ತಂದರು.

ಯಾವುದು ಸವೆದಿದೆ?

ಮನೆಗೆ ತಂದ ಲೇತನ್ನು ಬಿಚ್ಚುವುದು ಕಷ್ಟವಲ್ಲ. ಒಂಬತ್ತು ಇಂಚಿನದಾದರೆ ಹೆಡ್‌ಸ್ಟಾಕ್, ಟೇಲ್‌ಸ್ಟಾಕ್, ಕ್ಯಾರೇಜ್ ಎಂದು ಬಿಡಿಬಿಡಿಯಾಗಿ ಒಬ್ಬರೇ ಎತ್ತಬಹುದು. ತುಕ್ಕಿಗೆ ಅಗ್ಗದ ಉಪಾಯವೊಂದಿದೆ: ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ತುಕ್ಕು ಹಿಡಿದ ಭಾಗಕ್ಕೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಎದುರಿಗೆ ಒಂದು ಹಳೆಯ ಕಬ್ಬಿಣದ ತುಂಡಿಗೆ ಧನ ತಂತಿ. ಒಂದು ರಾತ್ರಿಯಲ್ಲಿ ತುಕ್ಕು ಸಡಿಲವಾಗಿ ಬ್ರಷ್ಷಿಗೆ ಉದುರುತ್ತದೆ, ಕೆಳಗಿನ ಒಳ್ಳೆಯ ಲೋಹಕ್ಕೆ ಏನೂ ಆಗುವುದಿಲ್ಲ. ಎದುರಿಗೆ ಸ್ಟೇನ್‌ಲೆಸ್ ಸ್ಟೀಲ್ ಇಡಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೊರಬರುವ ಹೈಡ್ರೋಜನ್ ಅನಿಲಕ್ಕೆ ಗಾಳಿಯಾಡುವ ಜಾಗ ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು. ಸೌತ್ ಬೆಂಡಿನ ಸ್ಪಿಂಡಲ್ ಬೇರಿಂಗುಗಳ ಕೆಳಗೆ ಎಣ್ಣೆಯನ್ನು ಮೇಲೆ ಹೀರಿಕೊಡುವ ಫೆಲ್ಟ್ ಬತ್ತಿಗಳಿರುತ್ತವೆ. ದೀಪದ ಬತ್ತಿಯ ಕೆಲಸವೇ ಅವುಗಳದೂ. ಅವು ಗಟ್ಟಿಯಾಗಿದ್ದರೆ ಬದಲಿಸದೆ ಯಂತ್ರ ತಿರುಗಿಸಿದವರು ಬೇರಿಂಗನ್ನೇ ಸುಟ್ಟುಕೊಳ್ಳುತ್ತಾರೆ.

ಒಂದು ಕೆಲಸ ಮಾತ್ರ ಎಂದೂ ಮಾಡಬಾರದು: ಬೆಡ್ಡಿನ ಮೈಗೆ ಎಮರಿ ಕಾಗದ ತಿಕ್ಕುವುದು. ಅದು ಫಳಫಳ ಹೊಳೆಯುತ್ತದೆ, ಉಳಿದಿದ್ದ ಅಷ್ಟಿಷ್ಟು ನೇರವೂ ಹೋಗುತ್ತದೆ. ಕುರುಂದದ ಪುಡಿಯ ಬಗ್ಗೆ ವಿಟ್‌ವರ್ತ್ ಹೇಳಿದ್ದು ಇದನ್ನೇ.

ಬೆಡ್ ಒಂದೇ ಸಮನಾಗಿ ಸವೆಯುವುದಿಲ್ಲ. ಬಹುಪಾಲು ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಎಡಭಾಗ ಹೆಚ್ಚು ಸವೆಯುತ್ತದೆ, ಬಲತುದಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸವೆತದಲ್ಲೂ ದಿಕ್ಕು ಮುಖ್ಯ. 25 ಮಿಲಿಮೀಟರ್ ವ್ಯಾಸದ ಕಂಬಿ ಕಡೆಯುವಾಗ ಉಳಿ 0.1 ಮಿಲಿಮೀಟರಿನಷ್ಟು ಕೆಳಕ್ಕೆ ಇಳಿದರೆ ವ್ಯಾಸದಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ, ಕಡಿಮೆ. ಅದೇ ಉಳಿ ಅಷ್ಟೇ ದೂರ ಅಡ್ಡಕ್ಕೆ, ಕಂಬಿಯಿಂದ ಆಚೆಗೆ ಸರಿದರೆ ವ್ಯತ್ಯಾಸ 200 ಮೈಕ್ರಾನ್. ಆದ್ದರಿಂದಲೇ ಬೆಡ್ಡಿನ ಸವೆತವನ್ನು ಕಣ್ಣಿಂದ ಕಂಡು ಹೆದರಬೇಕಾಗಿಲ್ಲ, ಅಳೆದು ತಿಳಿಯಬೇಕು.

ಅಳೆಯುವ ಕ್ರಮವನ್ನು ಶಾಸ್ತ್ರವಾಗಿಸಿದವರು ಬರ್ಲಿನ್ನಿನ ಪ್ರಾಧ್ಯಾಪಕ ಗಿಯೋರ್ಗ್ ಶ್ಲೇಸಿಂಗರ್. ಯಂತ್ರ ಕೊಳ್ಳುವವರು ಏನೇನು ಪರೀಕ್ಷಿಸಬೇಕು, ಎಷ್ಟೆಷ್ಟು ತಪ್ಪನ್ನು ಒಪ್ಪಬಹುದು ಎಂಬ ಪಟ್ಟಿಗಳನ್ನು 1927ರಲ್ಲಿ ಪುಸ್ತಕವಾಗಿ ತಂದರು. ಯಹೂದಿಯಾಗಿದ್ದ ಅವರನ್ನು 1933ರಲ್ಲಿ ನಾಜಿಗಳು ಬಂಧಿಸಿದರು. ಬಿಡುಗಡೆಯ ನಂತರ ಜರ್ಮನಿ ತೊರೆದು ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿದರು. ಅವರ ಪಟ್ಟಿಗಳ ಸೊಗಸು ಸಂಖ್ಯೆಗಳಲ್ಲಿ ಮಾತ್ರ ಇಲ್ಲ, ದಿಕ್ಕಿನಲ್ಲಿದೆ. ಲೇತಿನಲ್ಲಿ ಕಡೆದ ಚಪ್ಪಟೆ ಮುಖ ತಪ್ಪುವುದಾದರೆ ನಡುವೆ ತಗ್ಗಾಗಿ ತಪ್ಪಬಹುದು, ಉಬ್ಬಾಗಿ ತಪ್ಪಬಾರದು, ಏಕೆಂದರೆ ತಗ್ಗಿದ ಮುಖ ಅಲುಗಾಡದೆ ಕೂರುತ್ತದೆ. ಹೊಸ ಲೇತಿನ ಟೇಲ್‌ಸ್ಟಾಕ್ ಕೂದಲೆಳೆಯಷ್ಟು ಎತ್ತರವಾಗಿದ್ದರೆ ಒಳ್ಳೆಯದು, ತಗ್ಗಾಗಿರಬಾರದು, ಏಕೆಂದರೆ ಅದು ಸವೆದು ಸವೆದು ಸರಿಯಾದ ಎತ್ತರಕ್ಕೇ ಇಳಿಯುತ್ತದೆ. ಮುಪ್ಪು ಬರುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಶಾಸ್ತ್ರ ಇದು.

ನೀಲಿ ಚುಕ್ಕೆಗಳ ಲೆಕ್ಕ

ಅಳೆದ ಮೇಲೆ ಉಳಿಯುವ ದಾರಿ ಎರಡು. ಬೆಡ್ಡನ್ನು ದೊಡ್ಡ ಗ್ರೈಂಡಿಂಗ್ ಯಂತ್ರಕ್ಕೆ ಕೊಡುವುದು ಒಂದು. ಬಹಳ ಸಲ ಅದರ ಖರ್ಚು ಲೇತಿನ ಬೆಲೆಯನ್ನೇ ಮೀರುತ್ತದೆ. ಇನ್ನೊಂದು, ವಿಟ್‌ವರ್ತ್ ಕಾಲದ ದಾರಿ: ಸ್ಕ್ರೇಪಿಂಗ್.

ಸಮತಲ ಫಲಕಕ್ಕೆ ಪ್ರಷ್ಯನ್ ಬ್ಲೂ ಬಣ್ಣವನ್ನು ಉಸಿರಿನಷ್ಟು ತೆಳುವಾಗಿ ಹಚ್ಚುತ್ತಾರೆ. ಸರಿಪಡಿಸಬೇಕಾದ ಮೈಯನ್ನು ಅದರ ಮೇಲಿಟ್ಟು ಮೆಲ್ಲಗೆ ಸರಿಸಿ ಎತ್ತುತ್ತಾರೆ. ಎತ್ತರವಿರುವ ಜಾಗಗಳಿಗೆ ಮಾತ್ರ ನೀಲಿ ಅಂಟಿರುತ್ತದೆ. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೋ ಭುಜಕ್ಕೋ ಒತ್ತಿ ಹಿಡಿದು, ಮೈಭಾರದಿಂದ ಮುಂದೂಡುತ್ತ ಆ ನೀಲಿ ಚುಕ್ಕೆಗಳನ್ನು ಹೆರೆಯುತ್ತಾರೆ. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್. ಒರೆಸಿ, ಬಣ್ಣ ಹಚ್ಚಿ, ಮತ್ತೆ ಇಟ್ಟು ನೋಡಿ, ಈ ಸಲ ಅಡ್ಡ ದಿಕ್ಕಿನಲ್ಲಿ ಹೆರೆಯುತ್ತಾರೆ. ಮೊದಮೊದಲು ಇಡೀ ಮೈಯಲ್ಲಿ ಎರಡು ಮೂರು ದೊಡ್ಡ ನೀಲಿ ಮಚ್ಚೆಗಳಿರುತ್ತವೆ. ಸುತ್ತು ಸುತ್ತಿಗೂ ಅವು ಒಡೆದು ಹತ್ತಾಗುತ್ತವೆ, ನೂರಾಗುತ್ತವೆ. ಒಂದು ಚದರ ಇಂಚಿನ ಕಿಂಡಿಯಿಟ್ಟು ಎಣಿಸಿದಾಗ ಇಪ್ಪತ್ತರ ಆಸುಪಾಸು ಚುಕ್ಕೆಗಳು ಸಮನಾಗಿ ಹರಡಿದ್ದರೆ ಜಾರುವ ಮೈಗೆ ಅದು ಒಳ್ಳೆಯ ಲೆಕ್ಕ. ಚುಕ್ಕೆಗಳ ನಡುವಿನ ಸಣ್ಣ ತಗ್ಗುಗಳೂ ವ್ಯರ್ಥವಲ್ಲ, ಎಣ್ಣೆ ನಿಲ್ಲುವುದು ಅಲ್ಲಿಯೇ. ಕನ್ನಡಿಯಷ್ಟು ನುಣುಪಾದ ಎರಡು ಮೈಗಳು ಜಾರುವುದಿಲ್ಲ, ಒಂದಕ್ಕೊಂದು ಹಿಡಿದುಕೊಳ್ಳುತ್ತವೆ.

ಇಡೀ ವಿದ್ಯೆಯನ್ನು ಎಡ್ವರ್ಡ್ ಕಾನೆಲಿ 1955ರಲ್ಲಿ ಯಂತ್ರಗಳ ಮರುಸಜ್ಜಿಕೆಯ ಕುರಿತ ದೊಡ್ಡ ಪುಸ್ತಕವೊಂದರಲ್ಲಿ ಬರೆದಿಟ್ಟ. ಯಾವ ಮೈಯನ್ನು ಮೊದಲು ಸರಿಪಡಿಸಬೇಕು, ಅದನ್ನು ಆಧಾರವಾಗಿಟ್ಟು ಮುಂದಿನದು ಯಾವುದು ಎಂಬ ಅನುಕ್ರಮವೇ ಆ ಪುಸ್ತಕದ ಜೀವಾಳ. 1980ರಲ್ಲಿ ಡೇವಿಡ್ ಗಿಂಗರಿ ಎಂಬ ಅಮೆರಿಕನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುಜರಿ ಅಲ್ಯುಮಿನಿಯಂ ಕರಗಿಸಿ, ಇದ್ದಿಲಿನ ಕುಲುಮೆಯಲ್ಲಿ ಎರಕ ಹೊಯ್ದು, ಲೇತನ್ನೇ ಮನೆಯಲ್ಲಿ ಮಾಡಿಕೊಳ್ಳುವ ಪುಸ್ತಕಮಾಲೆ ಆರಂಭಿಸಿದ. ಅರ್ಧ ಕಟ್ಟಿದ ಲೇತು ತನ್ನ ಉಳಿದ ಭಾಗಗಳನ್ನು ತಾನೇ ಕಡೆದುಕೊಳ್ಳುತ್ತದೆ. ಆದರೆ ಜಾರುವ ಮೈಗಳ ಸರದಿ ಬಂದಾಗ ಗಿಂಗರಿಯ ಓದುಗನೂ ಸ್ಕ್ರೇಪರನ್ನು ಕೈಗೆ ತೆಗೆದುಕೊಳ್ಳಲೇಬೇಕು.

ಈ ಕೆಲಸ ಮಾಡುವವರಿಗೆಲ್ಲ ಒಂದು ಕ್ಷಣ ಎದುರಾಗುತ್ತದೆ. ಬೆಡ್ಡನ್ನು ಅಳೆಯಲು ಸವೆಯದ ಜಾಗವೊಂದು ಬೇಕು. ಹೆಡ್‌ಸ್ಟಾಕ್ ಬಿಚ್ಚಿ ಎತ್ತಿದರೆ ಅದು ಸಿಗುತ್ತದೆ, ಏಕೆಂದರೆ ಕ್ಯಾರೇಜ್ ಅಲ್ಲಿಗೆ ಎಂದೂ ಹೋಗಿರುವುದಿಲ್ಲ. ಕೈಯಿಂದ ಹೆರೆದು ಮಾಡಿದ ಹಳೆಯ ಲೇತುಗಳಲ್ಲಿ, ಯಂತ್ರ ಹುಟ್ಟಿದ ದಿನದ ಸ್ಕ್ರೇಪರಿನ ಗುರುತುಗಳು ಅಲ್ಲಿ ಹಾಗೆಯೇ ಇರುತ್ತವೆ. ಕಂಪನಿಯ ಹೆಸರು ಯಂತ್ರದ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಎರಕವಾಗಿದೆ. ಆ ಗುರುತು ಬಿಟ್ಟವನ ಹೆಸರು ಎಲ್ಲಿಯೂ ಇಲ್ಲ. ಹೊಸದಾಗಿ ಹೆರೆಯುವವರು ಅವನ ಗೀರುಗಳನ್ನೇ ಅಳತೆಗೋಲಾಗಿ ಹಿಡಿದು ಕೆಲಸ ಮುಂದುವರಿಸುತ್ತಾರೆ.

ಹರಿಹರ, ಜಾಲಹಳ್ಳಿ

ಕನ್ನಡನಾಡಿನಲ್ಲಿ ಈ ಕಥೆಯ ಎರಡು ದೊಡ್ಡ ವಿಳಾಸಗಳಿವೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಸಮೂಹ, 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಸ್ಥಾಪಿಸಿತು. ಅಲ್ಲಿ ತಯಾರಾದ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳನ್ನು ನೋಡದ ಟರ್ನರ್ ಸಿಗುವುದು ಕಷ್ಟ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೇಂದ್ರ ಸರ್ಕಾರದ ಎಚ್.ಎಂ.ಟಿ. ಬಂತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ತಂತ್ರಜ್ಞಾನದಿಂದ ಅದು ಮೊದಲು ಮಾಡಿದ್ದು ಲೇತನ್ನು. ಜನ ಎಚ್.ಎಂ.ಟಿ. ಎಂದ ಕೂಡಲೇ ನೆನೆಯುವ ಕೈಗಡಿಯಾರ ಬಂದದ್ದು 1961ರಲ್ಲಿ. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ವಿನ್ಯಾಸ ಮತ್ತು ಪರೀಕ್ಷೆಗೆಂದೇ ಸಿ.ಎಂ.ಟಿ.ಐ. ಸಂಸ್ಥೆ ಹುಟ್ಟಿತು. ಬೆಂಗಳೂರು ಸಾಫ್ಟ್‌ವೇರಿನ ಊರಾಗುವ ಮೊದಲು ಲೇತಿನ ಊರಾಗಿತ್ತು.

ಆ ಕಾರ್ಖಾನೆಗಳಲ್ಲಿ ಸ್ಕ್ರೇಪಿಂಗ್ ಹವ್ಯಾಸವಾಗಿರಲಿಲ್ಲ, ದಿನದ ಕೂಲಿಯಾಗಿತ್ತು. ಐ.ಟಿ.ಐ. ಮುಗಿಸಿ, ಅಪ್ರೆಂಟಿಸ್ ಆಗಿ ಸೇರಿ, ವರ್ಷಗಟ್ಟಲೆ ನೀಲಿ ಚುಕ್ಕೆ ಎಣಿಸಿದ ಫಿಟ್ಟರುಗಳ ತಲೆಮಾರು ಅಲ್ಲಿತ್ತು. ಹೊಸ ಶತಮಾನ ಕಾಲಿಡುತ್ತಿದ್ದ ಹಾಗೆ ಹರಿಹರದ ಕಾರ್ಖಾನೆ ಬಾಗಿಲು ಹಾಕಿತು. ಅದರ ಲೇತುಗಳು ಹಾಕಲಿಲ್ಲ. ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರು, ಹೈದರಾಬಾದಿನ ಬಾಲಾನಗರ, ದೆಹಲಿಯ ಓಖ್ಲಾದಂಥ ಕಡೆಗಳಲ್ಲಿ ಜಾಬ್ ವರ್ಕ್ ಮಾಡುವ ಶೆಡ್ಡುಗಳಲ್ಲಿ, ಹಳೆಯ ಯಂತ್ರ ಮಾರುವವರ ಅಂಗಳಗಳಲ್ಲಿ ಕಿರ್ಲೋಸ್ಕರ್, ಎಚ್.ಎಂ.ಟಿ. ಹೆಸರಿನ ಲೇತುಗಳಿಗೆ ಇಂದಿಗೂ ಗಿರಾಕಿಗಳಿದ್ದಾರೆ.

ಮನೆಯಲ್ಲಿ ಲೇತಿಡುವ ಹವ್ಯಾಸ ಭಾರತದಲ್ಲಿ ವಿರಳ. ಜಾಗ ಮತ್ತು ತ್ರೀ-ಫೇಸ್ ವಿದ್ಯುತ್ತು ಅದಕ್ಕೆ ಅರ್ಧ ಕಾರಣ ಮಾತ್ರ. ಇಲ್ಲಿ ಲೇತಿಗೆ ನಿವೃತ್ತಿಯೇ ಇಲ್ಲ. ಕಾರ್ಖಾನೆ ಬಿಟ್ಟ ಯಂತ್ರ ಸಣ್ಣ ಶೆಡ್ಡಿಗೆ, ಅಲ್ಲಿಂದ ಇನ್ನೂ ಸಣ್ಣ ಊರಿಗೆ ಹೋಗಿ ಪಂಪಿನ ಶಾಫ್ಟು, ಟ್ರಾಕ್ಟರಿನ ಬುಷ್ ಕಡೆಯುತ್ತ ದುಡಿಯುತ್ತದೆ. ಸವೆದ ಬೆಡ್ಡಿನಲ್ಲೇ ಅಳತೆ ತರುವ ಉಪಾಯಗಳನ್ನು ಅದರ ಟರ್ನರ್ ಬಲ್ಲ. ಎಲ್ಲಿ ಸವೆದಿದೆ, ಎಲ್ಲಿ ಎಷ್ಟು ಕೂಡಿಸಿ ಕಳೆಯಬೇಕು ಎಂಬುದು ಅವನ ಮುಂಗೈಯಲ್ಲಿದೆ. ಆ ತಿಳಿವು ಯಂತ್ರವನ್ನು ನಡೆಸುತ್ತದೆ, ಸರಿಪಡಿಸುವುದಿಲ್ಲ. ಸರಿಪಡಿಸಬಲ್ಲ ಫಿಟ್ಟರುಗಳು ನಿವೃತ್ತರಾಗುತ್ತಿದ್ದಾರೆ. ಹೊಸ ಯಂತ್ರಗಳ ಬೆಡ್ಡುಗಳನ್ನು ಗಟ್ಟಿಗೊಳಿಸಿ ಗ್ರೈಂಡ್ ಮಾಡುತ್ತಾರೆ, ಅವಕ್ಕೆ ಸ್ಕ್ರೇಪರ್ ತಾಕುವುದೇ ಇಲ್ಲ. ಅತಿ ನಿಖರವಾದ ಯಂತ್ರಗಳನ್ನು ಕಟ್ಟುವವರು ಮಾತ್ರ ಇಂದಿಗೂ ಕೊನೆಯ ಮೈಕ್ರಾನುಗಳನ್ನು ಕೈಯಿಂದಲೇ ಹೆರೆಸುತ್ತಾರೆ.

ಹಾಗಾಗಿ ಗ್ಯಾರೇಜಿನಲ್ಲಿ ಹಳೆಯ ಲೇತಿನೆದುರು ಬಾಗಿ ನಿಂತವರು ಬರಿಯ ಹಳೆಯ ವಸ್ತುವನ್ನು ಕಾಪಾಡುತ್ತಿಲ್ಲ. ಸರಿಹೋದ ಲೇತು ತನ್ನ ಸವೆದ ಕ್ರಾಸ್ ಸ್ಲೈಡ್ ಸ್ಕ್ರೂವನ್ನು ತಾನೇ ಹೊಸದಾಗಿ ಕಡೆದುಕೊಳ್ಳಬಲ್ಲದು. ಅದಕ್ಕಾಗಿ ಲೀಡ್ ಸ್ಕ್ರೂವಿನ ಬಲಭಾಗವನ್ನು, ಎಂದೂ 많ಹೆಚ್ಚು ಬಳಕೆಯಾಗದೆ ಸವೆಯದೆ ಉಳಿದ ಭಾಗವನ್ನು, ಉಪಯೋಗಿಸುತ್ತಾರೆ. ನಟ್ಟು, ಬುಷ್, ಹಿಡಿಕೆ ಎಲ್ಲವನ್ನೂ ಅದು ತನಗಾಗಿ ಮಾಡಿಕೊಳ್ಳುತ್ತದೆ. ತನ್ನ ಬೆಡ್ಡನ್ನು ನೇರ ಮಾಡಿಕೊಳ್ಳುವುದು ಮಾತ್ರ ಅದಕ್ಕಾಗದು. ಆ ಕೆಲಸಕ್ಕೆ ಒಂದು ಫಲಕ, ಸ್ವಲ್ಪ ನೀಲಿ ಬಣ್ಣ, ಅದನ್ನು ಓದಬಲ್ಲ ಒಬ್ಬ ಮನುಷ್ಯ ಬೇಕು. ಫಲಕ ಅಂಗಡಿಯಲ್ಲಿ ಸಿಗುತ್ತದೆ, ಬಣ್ಣವೂ ಸಿಗುತ್ತದೆ.